ತತ್ತಿ ಒಡೆಯುವ ಪರೀಕ್ಷೆ ಮತ್ತು ಸೇಡಂ ಸೀಮೆಯ ಬಿಸಿಲು

ಕುರಿಯ ಜಠರದಲ್ಲಿದ್ದು ರಕ್ತ ಹೀರುವ ಹೀಮಾಂಕಸ್ ಕಂಟಾರ್ಟಸ್ ಜಂತು ಬೆಂಜಿಮಿಡಜೋಲ್ ಗುಂಪಿನ ಔಷಧಗಳಿಗೆ ಬಗ್ಗದಿರುವುದು ಹೊಸ ಸಂಗತಿಯಲ್ಲ. ಆ ಗುಂಪಿನ ಥಯಾಬೆಂಡಜೋಲ್ ಬಳಕೆಗೆ ಬಂದದ್ದು 1961ರಲ್ಲಿ. 1964ಕ್ಕೇ ಅಮೆರಿಕದಿಂದ ಪ್ರತಿರೋಧದ ವರದಿಗಳು ಬಂದವು. ಭಾರತದಲ್ಲಿ ವರ್ಷ್ನೇ ಮತ್ತು ಸಿಂಗ್ 1976ರಲ್ಲಿ ಅದನ್ನು ದಾಖಲಿಸಿದರು. ಇಷ್ಟರಲ್ಲಿ ತಕರಾರಿಲ್ಲ.

ತಕರಾರಿರುವುದು ಅಳತೆಯಲ್ಲಿ. ಕೋಲ್ಸ್ ಮತ್ತು ಸಂಗಡಿಗರು 1992ರಲ್ಲಿ ತತ್ತಿ ಒಡೆಯುವ ಪರೀಕ್ಷೆಗೆ ಸೂಚಿಸಿದ ಕ್ರಮದಲ್ಲಿ, ಅರ್ಧದಷ್ಟು ತತ್ತಿಗಳು ಒಡೆಯದಂತೆ ತಡೆಯಲು ಮಿಲಿಲೀಟರಿಗೆ 0.1 ಮೈಕ್ರೊಗ್ರಾಂಗಿಂತ ಹೆಚ್ಚು ಥಯಾಬೆಂಡಜೋಲ್ ಬೇಕಾದರೆ ಆ ಹಿಂಡಿನ ಜಂತು ಪ್ರತಿರೋಧಿ. ಈ ಗೆರೆಯನ್ನು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಹಿಂಡುಗಳಿಗೆ ಇದ್ದಂತೆಯೇ ಅನ್ವಯಿಸಲಾಗದು.

ಈ ಔಷಧ ಟ್ಯೂಬುಲಿನ್‌ಗೆ ಅಂಟಿಕೊಂಡು ಕೋಶವಿಭಜನೆಯನ್ನು ತಡೆಯುತ್ತದೆ. ತತ್ತಿಯೊಳಗೆ ಭ್ರೂಣ ಒಂದಷ್ಟು ಬೆಳೆದ ಮೇಲೆ ಔಷಧದ ಹಿಡಿತ ಸಡಿಲವಾಗುತ್ತದೆ. ಆದ್ದರಿಂದಲೇ ಹಿಕ್ಕೆ ಬಿದ್ದ 3 ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು, ಇಲ್ಲವೇ ಮಾದರಿಯನ್ನು ಗಾಳಿಯಾಡದಂತೆ ಮುಚ್ಚಿಡಬೇಕು. ಕಲಬುರಗಿ ಜಿಲ್ಲೆಯ ಮೇ ತಿಂಗಳ ತಾಪ 40 ಡಿಗ್ರಿ ದಾಟುತ್ತದೆ. ತೊಗರಿ ಕೊಯ್ದ ಹೊಲದಲ್ಲಿ ತರುಬಿದ ಮಂದೆಯಿಂದ ಆಯ್ದ ಹಿಕ್ಕೆ ಬರಿಯ ಪ್ಲಾಸ್ಟಿಕ್ ಚೀಲದಲ್ಲಿ ಬೀದರಿನ ಪಶುವೈದ್ಯಕೀಯ ಕಾಲೇಜಿನ ದಾರಿ ಹಿಡಿದರೆ, ತತ್ತಿ ದಾರಿಯಲ್ಲೇ ಬೆಳೆಯತೊಡಗುತ್ತದೆ. ಆಗ ಕಾಣುವ ಸಹಿಷ್ಣುತೆ ಜಂತುವಿನದಲ್ಲ, ಪಯಣದ್ದು.

ಔಷಧ ಬೆರೆಸದ ಬಟ್ಟಲಿನ ಹೋಲಿಕೆ ಈ ದೋಷವನ್ನು ಸರಿದೂಗಿಸುತ್ತದೆಂದು ಯಾರಾದರೂ ಹೇಳಬಹುದು. ನಾನು ಒಪ್ಪಲಾರೆ. ಆ ಬಟ್ಟಲು ತತ್ತಿ ಜೀವಂತವಿತ್ತೇ ಎಂಬುದನ್ನು ಹೇಳುತ್ತದೆ. ಎಷ್ಟು ಬೆಳೆದಿತ್ತು ಎಂಬುದನ್ನಲ್ಲ. ಮಾದರಿ ತಲುಪಿದ ಕೂಡಲೇ ಕೆಲವು ತತ್ತಿಗಳಿಗೆ ಲುಗಾಲ್ ಅಯೋಡಿನ್ ಹಾಕಿ, ಒಳಗಿರುವುದು ಕೋಶಗಳ ಗೊಂಚಲೋ ಬಾಗಿದ ಮರಿಯೋ ಎಂದು ಬರೆದಿಡಬೇಕು. ಆ ದಾಖಲೆಯಿಲ್ಲದ ಬೇಸಿಗೆಯ ಅಂಕಿಯನ್ನು, ಎಷ್ಟೇ ದೊಡ್ಡದಿರಲಿ, ಪ್ರತಿರೋಧದ ಪುರಾವೆಯಾಗಿ ಎಣಿಸಬಾರದು.

ಹಾಗೆಂದು ಇಲ್ಲಿ ಪ್ರತಿರೋಧವೇ ಇಲ್ಲ ಎನ್ನುತ್ತಿಲ್ಲ. ಪ್ರತಿರೋಧಿ ಜಂತುಗಳು ಕಾಲುಭಾಗ ದಾಟುವವರೆಗೂ ಈ ಪರೀಕ್ಷೆಗೆ ಸಿಗುವುದಿಲ್ಲವೆಂದು ಮಾರ್ಟಿನ್ ಮತ್ತು ಸಂಗಡಿಗರು 1989ರಲ್ಲೇ ತೋರಿಸಿದ್ದರು. ಅಂದರೆ ಸಣ್ಣ ಅಂಕಿಯೂ ನಿರಾಳವಾಗಿರಲು ಕಾರಣವಲ್ಲ. ಔಷಧ ನಾಟಲಿಲ್ಲವೆಂಬ ಕುರಿಗಾಹಿಗಳ ದೂರಿಗೆ ಬೇರೆ ಮೂಲವೂ ಇರಬಹುದು: ಆಡಿನ ದೇಹ ಈ ಔಷಧವನ್ನು ಕುರಿಗಿಂತ ಬೇಗ ಹೊರಹಾಕುತ್ತದೆ, ಮಿಶ್ರ ಮಂದೆಯಲ್ಲಿ ಎರಡಕ್ಕೂ ಒಂದೇ ಅಳತೆ ಕುಡಿಸಿದರೆ ಆಡಿಗೆ ಸಾಲದು.

ಪ್ರತಿರೋಧಕ್ಕೆ ಕಾರಣವೆಂದು 1994ರಲ್ಲಿ ಕ್ವಾ ಮತ್ತು ಸಂಗಡಿಗರು ಗುರುತಿಸಿದ, ಬೀಟಾ-ಟ್ಯೂಬುಲಿನ್‌ನ 200ನೇ ಸ್ಥಾನದ ವ್ಯತ್ಯಾಸವನ್ನು ಪಿಸಿಆರ್‌ನಿಂದ ನೋಡಿದರೆ ತತ್ತಿಯ ವಯಸ್ಸಿನ ಗೊಂದಲವಿರದು. ಆದರೆ 167 ಮತ್ತು 198ನೇ ಸ್ಥಾನಗಳನ್ನೂ ನೋಡದೆ ಅದೊಂದನ್ನೇ ನಂಬುವುದೂ ಅಪಾಯ. ಚಿಂಚೋಳಿಯ ಕಾಡಂಚಿನ ತೇವದಲ್ಲಿ ಮೇವಿನ ಮೇಲೆ ಉಳಿಯುವ ಜಂತುಮರಿಗಳಿಗೂ ಶಹಾಬಾದಿನ ಕಲ್ಲುಗಣಿಗಳ ಒಣನೆಲದಲ್ಲಿ ಸಾಯುವ ಮರಿಗಳಿಗೂ ನಡುವೆ, ಪ್ರತಿರೋಧ ಹಬ್ಬುವ ವೇಗದಲ್ಲಿ ಅಂತರವಿದೆಯೇ ಎಂಬುದು ಎರಡೂ ಕಡೆಯ ಮಾದರಿಗಳನ್ನು ಬೇರೆಬೇರೆಯಾಗಿ ಓದಿದ ಮೇಲಷ್ಟೇ ಇತ್ಯರ್ಥವಾದೀತು.