ಸಾಣೆಚಕ್ರ ಮತ್ತು ಅಪಘರ್ಷಕಗಳ ಇತಿಹಾಸ

ಲೋಹ, ಗಾಜು, ಕಲ್ಲುಗಳನ್ನು ಸವೆಸಿ ಬೇಕಾದ ಅಳತೆಗೂ ನುಣುಪಿಗೂ ತರುವ ತಿರುಗುಚಕ್ರವೇ ಸಾಣೆಚಕ್ರ. ಕಾರ್ಖಾನೆಗಳಲ್ಲಿ ಗ್ರೈಂಡಿಂಗ್ ವೀಲ್ ಎಂಬ ಹೆಸರೇ ರೂಢಿ. ಮರಳುಗಲ್ಲಿನಿಂದ ಹೊರಟು ಎಮೆರಿ, ಸಿಲಿಕಾನ್ ಕಾರ್ಬೈಡ್‌ಗಳನ್ನು ದಾಟಿ ವಜ್ರವನ್ನು ಮುಟ್ಟುವ ಗಡಸುತನದ ಏರಿಕೆಯೆಂದು ಇದರ ಚರಿತ್ರೆಯನ್ನು ಹೇಳುವುದು ವಾಡಿಕೆ. ಸಾಕ್ಷ್ಯಗಳನ್ನು ಒಟ್ಟಿಗಿಟ್ಟು ನೋಡಿದರೆ ಇದು ಅರೆಸತ್ಯ. ಹರಳನ್ನು ಹಿಡಿದಿಡುವ ಬಂಧಕ ಯಾವುದು, ಹರಳು ಹೇಗೆ ಒಡೆಯುತ್ತದೆ, ಎದುರಿನ ಲೋಹದೊಡನೆ ಅದು ಬಿಸಿಯಲ್ಲಿ ಹೇಗೆ ವರ್ತಿಸುತ್ತದೆ ಎಂಬ ಪ್ರಶ್ನೆಗಳೇ ಈ ಚರಿತ್ರೆಯನ್ನು ಹೆಚ್ಚಾಗಿ ಮುನ್ನಡೆಸಿವೆ.

ಮೊದಲ ಸಾಕ್ಷ್ಯ ನಮ್ಮ ನೆಲದ್ದೇ. ಮೋಸ್ ಮಾಪಕದಲ್ಲಿ 9ರ ಗಡಸುತನವಿರುವ ಕುರುಂದದ ಕಲ್ಲು ಹಳೆಯ ಮೈಸೂರು ಸೀಮೆಯಲ್ಲೂ ಸೇಲಂ ಸುತ್ತಲೂ ದೊರೆಯುತ್ತಿತ್ತು. ರತ್ನಗಳಿಗೆ ಸಾಣೆ ಹಿಡಿಯುವವರು ಅದನ್ನು ಪುಡಿಮಾಡಿ, ಕರಗಿಸಿದ ಅರಗಿನಲ್ಲಿ ಬೆರೆಸಿ ಚಕ್ರ ಮಾಡಿಕೊಳ್ಳುತ್ತಿದ್ದರು. ಇಡಿಯಾಗಿ ಕಡೆದ ಮರಳುಗಲ್ಲಿನ ಚಕ್ರದಲ್ಲಿ ಹರಳಿನ ದಪ್ಪವನ್ನಾಗಲಿ ಬೆಸುಗೆಯನ್ನಾಗಲಿ ಬದಲಿಸಲಾಗದು. ಅರಗಿನ ಚಕ್ರದಲ್ಲಿ ಎರಡೂ ಕುಶಲಕರ್ಮಿಯ ಕೈಯಲ್ಲಿದ್ದವು. ಇಂದಿನ ಚಕ್ರದ ತತ್ತ್ವ ಅಲ್ಲಿ ಪೂರ್ತಿಯಾಗಿಯೇ ಇದೆ. ಕೊರತೆಯಿದ್ದುದು ಅರಗಿನಲ್ಲಿ, ಅದು ಬಿಸಿಗೆ ಮೆತ್ತಗಾಗುತ್ತದೆ. ಉಕ್ಕನ್ನು ವೇಗವಾಗಿ ಉಜ್ಜುವ ಯಂತ್ರಗಳಿಗೆ ಬೇರೆ ಬಂಧಕ ಬೇಕಿತ್ತು. ಅಮೆರಿಕದ ವೂಸ್ಟರ್‌ನಲ್ಲಿ, ಫ್ರಾಂಕ್ ನಾರ್ಟನ್‌ನ ಕುಂಬಾರಿಕೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಸ್ವೀಡನ್ನಿನ ಸ್ವೆನ್ ಪುಲ್ಸನ್ 1873ರಲ್ಲಿ ಎಮೆರಿ ಪುಡಿಯನ್ನು ಜೇಡಿಯಲ್ಲಿ ಕಲಸಿ ಆವಿಗೆಯಲ್ಲಿ ಸುಟ್ಟು ಚಕ್ರ ಮಾಡಿದ. ಹೀಗೆ ಗಾಜಿನಂತೆ ಬೆಸೆದ ಚಕ್ರ ಕಾವಿಗೆ ಜಗ್ಗದು. ಅದರ ಸೂಕ್ಷ್ಮ ರಂಧ್ರಗಳು ಲೋಹದ ಚೂರುಗಳಿಗೂ ತಂಪು ದ್ರವಕ್ಕೂ ಜಾಗ ಕೊಡುತ್ತವೆ.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು: ಕೃತಕ ಅಪಘರ್ಷಕಗಳು ಬಾರದಿದ್ದರೆ ಬಂಧಕದಿಂದ ಏನಾಗುತ್ತಿತ್ತು? 1891ರಲ್ಲಿ ಎಡ್ವರ್ಡ್ ಆಚೆಸನ್ ಜೇಡಿ ಮತ್ತು ಕೋಕನ್ನು ವಿದ್ಯುತ್ತಿನಿಂದ ಕಾಯಿಸಿ ಸಿಲಿಕಾನ್ ಕಾರ್ಬೈಡ್ ಪಡೆದ. 1895ರಲ್ಲಿ ಅಗ್ಗದ ಜಲವಿದ್ಯುತ್ತಿಗಾಗಿ ತಯಾರಿಕೆ ನಯಾಗರಾಕ್ಕೆ ಹೋಯಿತು. 1897ರಲ್ಲಿ ಚಾರ್ಲ್ಸ್ ಜೇಕಬ್ಸ್ ಬಾಕ್ಸೈಟನ್ನು ಕರಗಿಸಿ ಕೃತಕ ಅಲ್ಯೂಮಿನಾ ಮಾಡಿದ. ಇವುಗಳ ಮಹತ್ತ್ವ ನಿರ್ವಿವಾದ, ಆದರೆ ಕಾರಣ ಬೇರೆ. ಕರಗಿಸಿದ ಅಲ್ಯೂಮಿನಾ ರಾಸಾಯನಿಕವಾಗಿ ಕುರುಂದವೇ. ಗಡಸುತನವೂ ಬಹುಮಟ್ಟಿಗೆ ಅಷ್ಟೇ. ಎಮೆರಿಯಲ್ಲಿ ಅದೇ ಖನಿಜ ಕಬ್ಬಿಣದ ಆಕ್ಸೈಡಿನೊಂದಿಗೆ ಗಣಿಯಿಂದ ಗಣಿಗೆ ಬದಲಾಗುವ ಪ್ರಮಾಣದಲ್ಲಿ ಬೆರೆತಿರುತ್ತದೆ. ಕುಲುಮೆಯಿಂದ ಸಿಕ್ಕಿದ್ದು ಏಕರೂಪತೆ, ಶುದ್ಧತೆ. ಚಕ್ರದಿಂದ ಚಕ್ರಕ್ಕೆ ಗುಣ ಬದಲಾಗದೆಂಬ ಭರವಸೆಯಿಲ್ಲದೆ ಮೋಟಾರುಗಳ ಕ್ರ್ಯಾಂಕ್‌ಶಾಫ್ಟುಗಳನ್ನು ರಾಶಿರಾಶಿಯಾಗಿ ಉಜ್ಜಿ ಮುಗಿಸುವುದು ಆಗದ ಮಾತು. ಇನ್ನು ಸಿಲಿಕಾನ್ ಕಾರ್ಬೈಡ್ ಅಲ್ಯೂಮಿನಾಕ್ಕಿಂತ ಗಡಸು. ಏರಿಕೆಯ ಲೆಕ್ಕದಲ್ಲಿ ಅದು ಅಲ್ಯೂಮಿನಾವನ್ನು ಮೂಲೆಗೆ ಸರಿಸಬೇಕಿತ್ತು. ಆದದ್ದು ಕೆಲಸದ ಹಂಚಿಕೆ. ಬಿಸಿಯಾದ ಉಕ್ಕು ಸಿಲಿಕಾನ್ ಕಾರ್ಬೈಡಿನ ಹರಳನ್ನು ಬೇಗ ತಿಂದುಹಾಕುವುದರಿಂದ ಅದು ಬೀಡುಕಬ್ಬಿಣ, ಹಿತ್ತಾಳೆ, ಗಾಜು, ಕಲ್ಲುಗಳಿಗೆ ನಿಂತಿತು. ಉಕ್ಕು ಅಲ್ಯೂಮಿನಾದ ಪಾಲಾಯಿತು.

ವಜ್ರದ ವಿಷಯದಲ್ಲಿ ಆಕ್ಷೇಪಕ್ಕೆ ಒಂದು ಮಟ್ಟಿಗೆ ತಲೆಬಾಗಬೇಕು. ಟಂಗ್‌ಸ್ಟನ್ ಕಾರ್ಬೈಡಿನ ಉಪಕರಣಗಳನ್ನು ಹರಿತಗೊಳಿಸಲು ವಜ್ರದ ಚಕ್ರವೇ ಬೇಕಾಯಿತು. ಅಲ್ಲಿ ಗಡಸುತನವೇ ತೀರ್ಪು ಕೊಟ್ಟಿದೆ. ಆದರೆ ವಜ್ರವೂ ಉಕ್ಕಿನೆದುರು ಸೋಲುತ್ತದೆ, ಏಕೆಂದರೆ ಹೆಚ್ಚಿನ ಕಾವಿನಲ್ಲಿ ಅದರ ಇಂಗಾಲ ಕಬ್ಬಿಣದೊಳಗೆ ಸೇರಿಕೊಳ್ಳುತ್ತದೆ. ಆ ತೆರವನ್ನು ತುಂಬಿದ್ದು ರಾಬರ್ಟ್ ವೆಂಟಾರ್ಫ್ 1957ರಲ್ಲಿ ತಯಾರಿಸಿದ, ವಜ್ರಕ್ಕಿಂತ ಮೆದುವಾದ ಘನಾಕೃತಿಯ ಬೋರಾನ್ ನೈಟ್ರೈಡ್. ಬಂಧಕದ ಬಲವೂ ಮಿತಿಯಲ್ಲಿರಬೇಕು: ಗಡಸು ಲೋಹಕ್ಕೆ ಹರಳನ್ನು ಸಡಿಲವಾಗಿ ಹಿಡಿಯುವ ಚಕ್ರ ಆರಿಸುತ್ತಾರೆ, ಮೊಂಡಾದ ಹರಳು ಉದುರಿ ಹೊಸ ಅಂಚು ಮೇಲೆ ಬರದಿದ್ದರೆ ಚಕ್ರ ಮಿರುಗುಗಟ್ಟಿ ಲೋಹವನ್ನು ಸುಡುತ್ತದೆ. 1980ರ ದಶಕದಲ್ಲಿ ಬಂದ ಸೆರಾಮಿಕ್ ಅಲ್ಯೂಮಿನಾ ಇದೇ ಗುಣವನ್ನು ಹರಳಿನೊಳಕ್ಕೇ ತಂದಿತು: ಖನಿಜ ಹಳೆಯದೇ, ಆದರೆ ಅತಿಸೂಕ್ಷ್ಮ ಸ್ಫಟಿಕಗಳ ಜೋಡಣೆಯಿಂದಾಗಿ ಒಂದೊಂದು ಕಾಳೂ ಸಣ್ಣಸಣ್ಣ ಚೂರಾಗಿ ಸಿಡಿಯುತ್ತ ತನ್ನಷ್ಟಕ್ಕೆ ಹರಿತವಾಗಿ ಉಳಿಯುತ್ತದೆ.