ಪರಿಹಾರದ ಪಟ್ಟಿ: ದಫ್ತರದಿಂದ ಮೊಬೈಲಿನವರೆಗೆ

"ಬದುವಿನ ಆಚೆಯವಗ ಬಂತು, ನನಗ್ಯಾಕ ಬರಲಿಲ್ಲ?"

ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಹಳ್ಳಿಗಳಿಗೆ ವರದಿಗೆಂದು ಹೋದಾಗ ನಾವು ಮತ್ತೆ ಮತ್ತೆ ಕೇಳಿಸಿಕೊಂಡ ಪ್ರಶ್ನೆ ಇದು. ಬೆಳೆ ಪರಿಹಾರ ಕಡಿಮೆ ಬಂತೆಂಬ ಸಿಟ್ಟಿಗಿಂತ, ಕಾರಣವೇ ಗೊತ್ತಾಗಲಿಲ್ಲ ಎಂಬ ಸಂಕಟ ಅದರಲ್ಲಿ ಹೆಚ್ಚು. ಈ ಸಂಕಟ ಇವತ್ತಿನದಲ್ಲ.

1876-78ರ ಬರಗಾಲದಲ್ಲಿ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಆಗ ಪರಿಹಾರವೆಂದರೆ ಮುಖ್ಯವಾಗಿ ಬರ ಕಾಮಗಾರಿಯ ಕೂಲಿ. ಸರ್ ರಿಚರ್ಡ್ ಟೆಂಪಲ್ ಸಲಹೆಯಂತೆ 1877ರಲ್ಲಿ ಆ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಅರ್ಧ ಆಣೆಗೆ ಇಳಿಸಿದಾಗ ಪ್ರಾಂತ್ಯದ ಸಾವಿರಾರು ಜನ ಕಾಮಗಾರಿ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭಾ ಬರಪೀಡಿತ ಜಿಲ್ಲೆಗಳಿಂದ ವರದಿ ತರಿಸಿ ಸರ್ಕಾರದ ಮುಂದಿಟ್ಟಿತು. ಸರ್ಕಾರದ ಲೆಕ್ಕದ ಪಕ್ಕದಲ್ಲಿ ಹಳ್ಳಿಯ ಲೆಕ್ಕವನ್ನೂ ಇಡಬೇಕು ಎಂಬ ನಮ್ಮ ಕಸುಬಿನ ಮೊದಲ ಪಾಠ ಅಲ್ಲಿದೆ.

1880ರಲ್ಲಿ ಬರ ಆಯೋಗ ವರದಿ ಕೊಟ್ಟಿತು, ಬೆನ್ನಿಗೇ ಬರ ಸಂಹಿತೆಗಳು ಬಂದವು. 1884ರ ಕೃಷಿಕರ ಸಾಲ ಕಾಯ್ದೆಯಡಿ ಬೀಜಕ್ಕೆ, ಎತ್ತಿಗೆ ತಗಾವಿ ಸಿಗತೊಡಗಿತು. ಅದು ದಾನವಲ್ಲ, ತೀರಿಸಬೇಕಾದ ಸಾಲ. ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು ಎಂಬುದು ಕಚೇರಿಯ ದಫ್ತರದಲ್ಲಿ ಉಳಿಯುತ್ತಿತ್ತು. ಸರ್ಕಾರದ ಕಡತ ತೋರಿಸಿ ಎಂದು ಕೇಳುವ ಹಕ್ಕಿನ ಕಾಯ್ದೆಯನ್ನು ಕರ್ನಾಟಕ ಮಾಡಿದ್ದು 2000ದಲ್ಲಿ. ದೇಶಕ್ಕೆಲ್ಲ ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ.

ಈಗ 2023ರ ಬರಕ್ಕೆ ಬರೋಣ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ರಾಜ್ಯ ಕೇಂದ್ರಕ್ಕೆ 18,171 ಕೋಟಿ ರೂಪಾಯಿ ಕೇಳಿತು. ಹಣ ಬಾರದ್ದರಿಂದ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಅಷ್ಟರೊಳಗೆ ರಾಜ್ಯ ತನ್ನ ಬೊಕ್ಕಸದಿಂದ ರೈತರಿಗೆ ಗರಿಷ್ಠ 2,000 ರೂಪಾಯಿಯ ಮೊದಲ ಕಂತು ಕೊಟ್ಟಿತ್ತು.

ಕೇಂದ್ರ-ರಾಜ್ಯಗಳ ಈ ಲೆಕ್ಕ ಕೋರ್ಟಿನಲ್ಲಿ, ಪತ್ರಿಕೆಗಳಲ್ಲಿ ಎಲ್ಲರೆದುರೇ ನಡೆಯಿತು. ಹೊಲದ ಲೆಕ್ಕ ಹಾಗಲ್ಲ. ಆ ಬರದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರಿಗೆ ಮಿತಿ, ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿರಬೇಕಿತ್ತು. ಫ್ರೂಟ್ಸ್ ಗುರುತಿನ ಸಂಖ್ಯೆ, ಬೆಳೆ ಸಮೀಕ್ಷೆಯ ದಾಖಲೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಮೂರೂ ಹೊಂದಬೇಕು. ಒಂದು ತಪ್ಪಿದರೂ ಹಣ ನಿಲ್ಲಬಹುದು. ಉತಾರದಲ್ಲಿ ಹೆಸರಿಲ್ಲದೆ ಲಾವಣಿ ಹಾಕಿಕೊಂಡು ಬಿತ್ತಿದವನ ಮಾತಂತೂ ಬೇರೆಯೇ: ಬೆಳೆ ಒಣಗಿದ್ದು ಅವನದು, ಹಣ ಹೋಗುವುದು ಹೊಲದ ಮಾಲೀಕನ ಖಾತೆಗೆ.

ಹಣ ನೇರ ಖಾತೆಗೆ ಬರುವುದರಿಂದ ನಡುವಿನವರ ಕೈ ಕಡಿಮೆಯಾಗಿದೆ. ಇದು ದೊಡ್ಡ ಲಾಭ. ಪಾವತಿಯ ಸ್ಥಿತಿಯನ್ನು ಮೊಬೈಲಿನಲ್ಲೇ ನೋಡಬಹುದು. ಆದರೆ ಹಣ ಬಂತೋ ಇಲ್ಲವೋ ಎಂದು ತಿಳಿಯುವುದಷ್ಟೇ ಪಾರದರ್ಶಕತೆಯಲ್ಲ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ, ಸಹಾಯಧನ ಯೋಜನೆಗಳ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎನ್ನುತ್ತದೆ. ಅದೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ: ಆಡಳಿತದ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣ ಕೊಡಬೇಕು.

ನಮ್ಮ ಊರುಗಳಿಗೆ ಬೇಕಾದದ್ದು ಈ ಎರಡನೆಯ ಮಾತು. ಬಂದವರ ಪಟ್ಟಿಯ ಪಕ್ಕದಲ್ಲೇ, ಬಾರದವರ ಪಟ್ಟಿಯೂ ಕಾರಣದ ಸಮೇತ ಪಂಚಾಯ್ತಿ ಗೋಡೆಯ ಮೇಲೆ ಬರಲಿ, ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಲಿ. ಹೆಸರಿನ ಅಕ್ಷರ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಬಿತ್ತದ ಹೊಲಕ್ಕೆ ಹಣ ಬಂದಿದ್ದರೆ ಅದೂ ಗೊತ್ತಾಗುತ್ತದೆ, ಯಾವ ಹೊಲದಲ್ಲಿ ಏನು ಬಿತ್ತಿದ್ದರು ಎಂಬುದು ಊರಿಗೆ ನೆನಪಿರುತ್ತದೆ.