ಗುರುತು ಮಾತಾಡುತ್ತದೆ: ಶರಭದಿಂದ ನಂದಿನಿಯವರೆಗೆ



ಬೆಳ್ಳಿಹಬ್ಬದ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಆಡಳಿತ ಮಂಡಳಿಯವರು ಕೇಳಿದರು. ಸಂಘದ ಹಾಲಿನ ಲೆಕ್ಕವನ್ನು ವರದಿಯಲ್ಲಿ ಓದುತ್ತೀರಿ. ಆ ಹಾಲು ತುಂಬಿದ ಪ್ಯಾಕೆಟ್ಟಿನ ಮೇಲಿರುವ ಚಿತ್ರ, ಹೆಸರು, ಬಣ್ಣಗಳ ಕಥೆಯನ್ನು ನಾನು ಹೇಳುತ್ತೇನೆ. "ಚಿತ್ರದಿಂದ ಹೊಟ್ಟೆ ತುಂಬುತ್ತದಾ?" ಅಂತ ಕೇಳುವವರೂ ಇರಬಹುದು. ದಯವಿಟ್ಟು ಪೂರ್ತಿ ಓದಿ.

ಗುರುತು ಹಾಕುವುದು ನಮಗೇನೂ ಹೊಸದಲ್ಲ. ಮಂಡಿಗೆ ಹೋಗುವ ಕೊಬ್ಬರಿ ಮೂಟೆಯ ಮೇಲೆ ಬಣ್ಣದಲ್ಲಿ ಎರಡಕ್ಷರ ಬರೆಯುತ್ತೇವೆ. ನೂರು ಮೂಟೆ ನಡುವೆ ನಮ್ಮದು ಯಾವುದು ಅಂತ ತಿಳಿಯಬೇಕಲ್ಲ. ಬೆಳೆದವನು ಎದುರಿಗಿಲ್ಲದಾಗ ಅವನ ಪರವಾಗಿ ಮಾತಾಡುವುದೇ ಗುರುತು.

ನಮ್ಮ ನಾಡಿನಲ್ಲಿ ಇದನ್ನು ದೊಡ್ಡದಾಗಿ ಮಾಡಿ ತೋರಿಸಿದ್ದು ಮೈಸೂರು ಸಂಸ್ಥಾನ. 1914ರಲ್ಲಿ ಮಹಾಯುದ್ಧ ಶುರುವಾಗಿ ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಎಣ್ಣೆಯನ್ನು ಇಲ್ಲಿಯೇ ತೆಗೆಯುವ ನಿರ್ಧಾರ ಮಾಡಿದರು. 1916ರಲ್ಲಿ ಗಂಧದೆಣ್ಣೆ, 1918ರಲ್ಲಿ ಸಾಬೂನು ಬಂತು. ಇದರ ಹಿಂದೆ ದುಡಿದ ಎಸ್. ಜಿ. ಶಾಸ್ತ್ರಿಯವರನ್ನು ಜನ 'ಸೋಪ್ ಶಾಸ್ತ್ರಿ' ಎಂದೇ ಕರೆದರು. ಅವರು ಸಾಬೂನು ಬೇಯಿಸುವುದಕ್ಕಷ್ಟೇ ಗಮನ ಕೊಡಲಿಲ್ಲ. ಬಿಲ್ಲೆಗೆ ಮೊಟ್ಟೆಯಾಕಾರ ಕೊಟ್ಟರು, ಒಡವೆ ಇಡುವ ಪೆಟ್ಟಿಗೆಯಂಥ ಡಬ್ಬಿ ಮಾಡಿಸಿದರು, ಸಿಂಹದ ಮೈ, ಆನೆಯ ತಲೆಯ ಶರಭವನ್ನು ಗುರುತಾಗಿಟ್ಟರು. ಓದು ಬಾರದವರೂ ಶರಭ ನೋಡಿ ಸಾಬೂನು ಗುರುತಿಸಬಹುದಿತ್ತು. ನೂರು ವರ್ಷ ದಾಟಿದರೂ ಆ ಶರಭ ಡಬ್ಬಿಯ ಮೇಲೆ ನಿಂತಿದೆ.

ಅದು ಸರ್ಕಾರದ ಕಾರ್ಖಾನೆ. ಎರಡು ಹಸು ಕಟ್ಟಿದ ರೈತ ಅಂಥದ್ದನ್ನು ಒಬ್ಬನೇ ಮಾಡಲಾರ. ಅದಕ್ಕೇ ಸಹಕಾರ ಬೇಕಾಯಿತು. 1974ರಲ್ಲಿ ಹುಟ್ಟಿದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಲವಾಯಿತು. ಮರುವರ್ಷದಿಂದ 'ನಂದಿನಿ' ಎಂಬ ಹೆಸರು, ಹಸುವಿನ ಚಿತ್ರ ನಡೆದುಬಂದಿವೆ. ಅಂಗಡಿಗೆ ಹೋದ ಮಗು "ನೀಲಿ ಪ್ಯಾಕೆಟ್ ಕೊಡಿ" ಅಂದರೆ ಸಾಕು, ಟೋನ್ಡ್ ಹಾಲು ಬರುತ್ತದೆ. 2024ರ ಟಿ-20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರ ಅಂಗಿಯ ಮೇಲೂ ನಂದಿನಿ ಗುರುತಿತ್ತು.

ಈ ಗುರುತಿಗಾಗಿ ಸುಪ್ರೀಂ ಕೋರ್ಟಿನವರೆಗೆ ವ್ಯಾಜ್ಯವೂ ನಡೆದಿದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ ಇದೇ ಹೆಸರನ್ನು ಇಂಗ್ಲಿಷಿನಲ್ಲಿ ಒಂದು 'ಎಚ್' ಸೇರಿಸಿ ಬಳಸುತ್ತಿದ್ದರು. ಮಹಾಮಂಡಲ ತಕರಾರು ತೆಗೆಯಿತು. 2018ರಲ್ಲಿ ತೀರ್ಪು ಹೋಟೆಲಿನವರ ಕಡೆ ಆಯಿತು. ನಂದಿನಿ ಎನ್ನುವುದು ಪುರಾಣದ ಹಸುವಿನ ಹೆಸರು, ಅದು ಯಾರೊಬ್ಬರ ಸೃಷ್ಟಿಯಲ್ಲ. ಇಬ್ಬರ ವ್ಯಾಪಾರ ಬೇರೆ, ಒಬ್ಬರದು ಹಸುವಿನ ಚಿತ್ರ, ಇನ್ನೊಬ್ಬರದು ದೀಪದ ಚಿತ್ರ, ಹಾಗಾಗಿ ಗಿರಾಕಿ ಮೋಸಹೋಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಎಲ್ಲರ ಬಾಯಲ್ಲಿರುವ ಹೆಸರು ಇಟ್ಟುಕೊಂಡರೆ ಅದನ್ನು ಪೂರ್ತಿ ನಮ್ಮದೆನ್ನುವುದು ಕಷ್ಟ ಎಂಬ ಪಾಠ ಇದರಲ್ಲಿದೆ.

ಒಂದೇ ಪದಕ್ಕೆ ಎಷ್ಟು ತೂಕವಿದೆ ಎಂಬುದನ್ನು 2023ರ ಮಾರ್ಚ್ ತಿಂಗಳು ತೋರಿಸಿತು. ಮೊಸರಿನ ಪ್ಯಾಕೆಟ್ಟಿನ ಮೇಲೆ 'ದಹಿ' ಎಂದು ಮುಂದಿಟ್ಟು, 'ಮೊಸರು' ಎಂಬುದನ್ನು ಕಂಸದೊಳಗೆ ಹಾಕಿ ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದಿಂದ ಸೂಚನೆ ಬಂತು. ಕರ್ನಾಟಕ, ತಮಿಳುನಾಡು ಎರಡೂ ಕಡೆ ವಿರೋಧವಾಯಿತು. ಅದೇ ತಿಂಗಳ ಕೊನೆಗೆ, ಇಂಗ್ಲಿಷಿನ 'ಕರ್ಡ್' ಜೊತೆಗೆ ಮೊಸರು, ತಯಿರ್, ಪೆರುಗು ಹೀಗೆ ಆಯಾ ನಾಡಿನ ಮಾತನ್ನೇ ಹಾಕಬಹುದೆಂದು ಆದೇಶ ತಿದ್ದುಪಡಿಯಾಯಿತು. ಕೊಳ್ಳುವವಳ ಮಾತಿನಲ್ಲಿ ಬರೆಯದ ಗುರುತು ಯಾರೊಡನೆ ಮಾತಾಡೀತು?

ಇನ್ನು ನಮ್ಮ ಶೆಟ್ಟಿಹಳ್ಳಿಯ ಮಾತು. ಹಪ್ಪಳ, ಚಟ್ನಿಪುಡಿ, ರಾಗಿ ಹುರಿಹಿಟ್ಟು ಮಾಡುವ ಕೈಗಳು ಮನೆಮನೆಯಲ್ಲಿವೆ. ಬರಿಯ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟರೆ ತಿಂದವರು ಮೆಚ್ಚಿದರೂ ಎರಡನೇ ಸಲ ಯಾರನ್ನು ಕೇಳಬೇಕು? ದುಬಾರಿ ಚಿತ್ರಕಾರರು ಬೇಡ. ಬೇರೆಯವರು ಇಡದ ಒಂದು ಹೆಸರು, ದೂರಕ್ಕೆ ಕಾಣುವ ದಪ್ಪ ಕನ್ನಡ ಅಕ್ಷರ, ಸದಾ ಒಂದೇ ಬಣ್ಣ, ಒಂದೇ ಚಿತ್ರ. ಜೊತೆಗೆ ಏನೇನು ಹಾಕಿದೆ, ತೂಕ, ಬೆಲೆ, ತಯಾರಿಸಿದ ತಾರೀಕು, ವಿಳಾಸ, ಆಹಾರ ಪರವಾನಗಿ ನಂಬರು. ವರ್ಷಕ್ಕೊಂದು ಚಿತ್ರ ಬದಲಾಯಿಸಿದರೆ ಗಿರಾಕಿ ದಾರಿ ತಪ್ಪುತ್ತಾನೆ. ಹೆಸರನ್ನು ಟ್ರೇಡ್ ಮಾರ್ಕ್ ನೋಂದಣಿ ಮಾಡಿಸಿದರೆ ಹತ್ತು ವರ್ಷ ರಕ್ಷಣೆಯಿದೆ, ಮತ್ತೆ ನವೀಕರಿಸಬಹುದು.

ಕೊನೆಯದಾಗಿ ಒಂದು ಮಾತು. ಕ್ಯಾನಿಗೆ ಬಿದ್ದ ಮೇಲೆ ಯಾರ ಹಾಲು ಯಾವುದು ಅಂತ ಗುರುತಿಲ್ಲ. ಎಲ್ಲರ ಹಾಲಿಗೂ ಇರುವುದು ಆ ಒಂದು ಹಸುವಿನ ಚಿತ್ರ ಮಾತ್ರ. ಒಬ್ಬರು ಒಂದು ಚೊಂಬು ನೀರು ಬೆರೆಸಿದರೂ ಕೆಡುವುದು ಎಲ್ಲರ ಹೆಸರು. ಚಿತ್ರ ಬರೆಯುವವರು ಬೆಂಗಳೂರಿನಲ್ಲಿರಬಹುದು. ಅದನ್ನು ನಿಜ ಮಾಡುವುದು ಬೆಳಗಿನ ಆರು ಗಂಟೆಗೆ ಡೇರಿ ಮುಂದೆ ಸಾಲಿನಲ್ಲಿ ನಿಲ್ಲುವ ನಾವು. ಇಪ್ಪತ್ತೈದು ವರ್ಷ ಉಳಿಸಿಕೊಂಡ ಈ ಗುರುತನ್ನು ಮಕ್ಕಳ ಕೈಗೂ ಹಾಗೆಯೇ ಒಪ್ಪಿಸೋಣ.

ಜೈ ಸಹಕಾರ!